ಹಸನಬ್ಬರ ಬಲ ತೋರುಬೆರಳಿನ ರಕ್ಷಣೆ ಮತ್ತು ರಜೆ

ಸಂಖ್ಯೆ: ಬೆರಳು/ಲಿನಕ್ಸ್/ಕಂಕನಾಡಿ/ಅತಿ ತುರ್ತು

ವಿಷಯ: ಕಚೇರಿಯ ಲಿನಕ್ಸ್ ಲ್ಯಾಪ್‌ಟಾಪ್ ತೆರೆಯಬಲ್ಲ ಏಕೈಕ ಬೆರಳಿನ ಕುರಿತು.

ಉಲ್ಲೇಖ: ೧. ಕಳೆದ ವರ್ಷ ಆಯುಧ ಪೂಜೆಯಂದು ನಡೆದ ಅಚಾತುರ್ಯ. ೨. ಅಟೆಂಡರ್ ಹಸನಬ್ಬರ ರಜಾ ಅರ್ಜಿ. ೩. ಅವರ ಪತ್ನಿ ಸಾರಮ್ಮನವರ ಫೋನ್ ಕರೆ.

ಪ್ರಸ್ತಾವನೆ:

ಹೊಸ ಲ್ಯಾಪ್‌ಟಾಪಿಗೆ ಮೊದಲು ಪೂಜೆ, ಆಮೇಲೆ ಬೆರಳ ಗುರುತು ಎಂದು ಅಧೀಕ್ಷಕರು ತೀರ್ಮಾನಿಸಿದ್ದರು. ಪೂಜೆ ಸಾಂಗವಾಗಿ ನೆರವೇರಿತು. ಆದರೆ ಅಧೀಕ್ಷಕರ ಬೆರಳಿನಲ್ಲಿ ಕುಂಕುಮ, ಉಳಿದ ಸಿಬ್ಬಂದಿಯ ಬೆರಳುಗಳಲ್ಲಿ ಅವಲಕ್ಕಿ-ಬೆಲ್ಲ ಇದ್ದುದರಿಂದ ಯಂತ್ರವು ಯಾರನ್ನೂ ಒಪ್ಪಲಿಲ್ಲ. ಸುರತ್ಕಲ್‌ನಿಂದ ಬಂದಿದ್ದ ತಂತ್ರಜ್ಞ ಕೌಶಲ್, "ಯಾರದ್ದಾದ್ರೂ ಒಂದು ಒಣ ಬೆರಳು ಉಂಟಾ ಮಾರಾಯ್ರೆ?" ಎಂದು ಕೂಗಿದ್ದಾಗಿ ತಿಳಿದುಬಂದಿರುತ್ತದೆ. ಮಧ್ಯಾಹ್ನದ ನಮಾಜು ಮುಗಿಸಿ ಆಗಷ್ಟೇ ಒಳಬಂದ ಹಸನಬ್ಬ, ಪಾಪ, ಬೆರಳು ಚಾಚಿದರು. ಪರೀಕ್ಷೆಗೆಂದು ಇಟ್ಟ ಆ ಬೆರಳೇ ಅಧೀಕ್ಷಕರ ಹೆಸರಿನಲ್ಲಿ ದಾಖಲಾಯಿತು.

ಭದ್ರತೆ ಇರಲಿ ಎಂದು ಅಧೀಕ್ಷಕರೇ ಹಟ ಹಿಡಿದು, ಪಾಸ್‌ವರ್ಡ್ ಹಾಕಿ ಒಳಹೋಗುವ ದಾರಿಯನ್ನು ಮುಚ್ಚಿಸಿದ್ದರು. ಇನ್ನೊಂದು ಬೆರಳು ಸೇರಿಸಲು ಬೇಕಾದ ಪಾಸ್‌ವರ್ಡ್ ಕೌಶಲ್ ಒಬ್ಬರಿಗೇ ಗೊತ್ತು. ಅವರು ಈಗ ಗಲ್ಫಿನಲ್ಲಿ, ಸಮುದ್ರದ ನಡುವಿನ ಎಣ್ಣೆ ಬಾವಿಯಲ್ಲಿದ್ದು, ಅಲ್ಲಿ ರೇಂಜ್ ಇರುವುದಿಲ್ಲ. ಆದುದರಿಂದ ಈ ಕೆಳಗಿನಂತೆ ಆದೇಶಿಸಲಾಗಿದೆ:

೧. ಸದರಿ ಬೆರಳನ್ನು ಕಚೇರಿಯ ಸ್ಥಿರಾಸ್ತಿ ಎಂದು ಪರಿಗಣಿಸತಕ್ಕದ್ದು. ಅದು ಸಂಜೆಯಾದರೆ ಎದ್ದು ಮನೆಗೆ ಹೋಗುತ್ತದೆ ಎಂಬ ಲೆಕ್ಕಪರಿಶೋಧಕರ ಆಕ್ಷೇಪಣೆಯನ್ನು ಕೈಬಿಡಲಾಗಿದೆ.

೨. ಹಸನಬ್ಬ ಬೂತಾಯಿ ಮೀನು ಶುಚಿ ಮಾಡಬಾರದು. ಊಟದಲ್ಲಿ ಸದರಿ ಬೆರಳು ವೀಕ್ಷಕನಾಗಿ ಮಾತ್ರ ಭಾಗವಹಿಸತಕ್ಕದ್ದು.

೩. ಬಸ್ಸಿನಲ್ಲಿ ಹಸನಬ್ಬ ಕಂಬಿ ಹಿಡಿಯಬಾರದು. ಕಂಡಕ್ಟರ್ ಲ್ಯಾನ್ಸಿಯವರು ಹಸನಬ್ಬರನ್ನು ಹಿಡಿದುಕೊಳ್ಳತಕ್ಕದ್ದು. ಲ್ಯಾನ್ಸಿಯವರ ಮೇಲೆ ಈ ಕಚೇರಿಗೆ ಅಧಿಕಾರವಿಲ್ಲವೆಂಬುದು ಗಮನದಲ್ಲಿದೆ. ಆದರೂ.

೪. ಸದರಿ ಬೆರಳನ್ನು ಯಾರತ್ತಲೂ ತೋರಿಸಿ ಮಾತನಾಡಬಾರದು. ಅಧೀಕ್ಷಕರತ್ತ ತೋರಿಸಲೇಬಾರದು.

೫. ಶಾರ್ಜಾದಲ್ಲಿರುವ ಮಗಳು ಶಾಝಿಯಾಳ ಚೊಚ್ಚಲ ಹೆರಿಗೆಗೆ ಹೋಗಲು ಹಸನಬ್ಬ ರಜೆ ಕೋರಿರುತ್ತಾರೆ. ಟಿಕೆಟ್ ಆಗಿದೆ. ಮಗಳು ದಿನಾ ಫೋನಿನಲ್ಲಿ, "ಉಪ್ಪಾ, ನೀವು ಬರ್ತೀರಲ್ಲಾ?" ಎಂದು ಅಳುತ್ತಿರುತ್ತಾಳೆ. ಕಚೇರಿಯೂ ಕಲ್ಲಲ್ಲ. ಆದಕಾರಣ ಹಸನಬ್ಬರ ದೇಹಕ್ಕೆ ರಜೆ ಮಂಜೂರು ಮಾಡಲಾಗಿದೆ. ಬೆರಳಿಗೆ ರಜೆ ಇಲ್ಲ.

೬. ಈ ಬಗ್ಗೆ ಸಾರಮ್ಮನವರು ಫೋನಿನಲ್ಲಿ, "ಎಂತದು, ಬೆರಳು ನಿಮ್ಮದಾ? ನಿಕಾಹ್ ಆಗುವಾಗ ಇಡೀ ಗಂಡನನ್ನೇ ನನಗೆ ಕೊಟ್ಟದ್ದು. ಒಂದು ಬೆರಳು ಆಫೀಸಿಗೆ ಅಂತ ಯಾರೂ ಹೇಳ್ಲಿಲ್ಲ!" ಎಂದು ಆಕ್ಷೇಪಿಸಿದ್ದಾರೆ. ಪೂರಕ ದಾಖಲೆಗಳ ಅಭಾವದಿಂದ ಆಕ್ಷೇಪಣೆಯನ್ನು ತಿರಸ್ಕರಿಸಲಾಗಿದೆ.

ತಿದ್ದುಪಡಿ (ಇಂದು ಬೆಳಿಗ್ಗೆ, ಕೈಬರಹದಲ್ಲಿ):

ನಿನ್ನೆ ಸಂಜೆ ಸಾರಮ್ಮನವರು ಗಂಡನ ಮುಂದೆ ದೊಡ್ಡದೊಂದು ಹಲಸಿನ ಹಣ್ಣು ತಂದಿಟ್ಟು, ಕೈಗೆ ಹಚ್ಚಲು ಎಣ್ಣೆ ಕೊಡದೆ, "ತುಂಡು ಮಾಡಿ" ಎಂದಿರುತ್ತಾರೆ. ಬೆರಳಿನ ಗೆರೆಗಳೆಲ್ಲ ಹಲಸಿನ ಅಂಟಾದ ಮಯಣದಿಂದ ತುಂಬಿಹೋಗಿವೆ. ಯಂತ್ರವು ಇಂದು ಸದರಿ ಬೆರಳಿನ ಪರಿಚಯವೇ ಇಲ್ಲವೆಂಬಂತೆ ವರ್ತಿಸಿತು. "ಬೇಕೂಂತ ಮಾಡಿದ್ದಲ್ಲ ಸರ್" ಎಂದು ಹಸನಬ್ಬ ವಿವರಣೆ ನೀಡಿದರು. ಹಾಗೆನ್ನುವಾಗ ಅವರ ಮುಖದಲ್ಲಿದ್ದ ನಗುವನ್ನು ಕಚೇರಿ ಗಮನಿಸಿದೆ.

ಯಂತ್ರವೇ ಗುರುತಿಸದ ಬೆರಳನ್ನು ತಡೆಹಿಡಿಯಲು ನಿಯಮಗಳಲ್ಲಿ ಅವಕಾಶವಿಲ್ಲ. ಹೀಗಾಗಿ ೧ರಿಂದ ೬ರವರೆಗಿನ ಅಂಶಗಳನ್ನು ರದ್ದುಪಡಿಸಿ, ಬೆರಳು ಸಹಿತ ರಜೆಯನ್ನು ಮಂಜೂರು ಮಾಡಲಾಗಿದೆ. ಲ್ಯಾಪ್‌ಟಾಪ್ ತೆರೆಯದ ಕಾರಣ ಆದೇಶವನ್ನು ಅಧೀಕ್ಷಕರು ಪೆನ್ನಿನಲ್ಲೇ ಬರೆದರು. ಚಹಾ ಆರುವ ಮೊದಲೇ ಕೆಲಸ ಮುಗಿಯಿತು. ಇದನ್ನು ಮುಂದಿನ ಪ್ರಕರಣಗಳಿಗೆ ಪೂರ್ವನಿದರ್ಶನವೆಂದು ಭಾವಿಸತಕ್ಕದ್ದಲ್ಲ.

ಸಹಿ/-
ಅಧೀಕ್ಷಕರು
(ಬೆರಳು ತೊಳೆದುಕೊಂಡಿರುತ್ತಾರೆ)

ಪ್ರತಿಗಳು:
೧. ಶ್ರೀ ಕೌಶಲ್, ಎಣ್ಣೆ ಬಾವಿ: ರೇಂಜ್ ಸಿಕ್ಕಿದ ಕೂಡಲೇ ಉತ್ತರಿಸಲು.
೨. ಶ್ರೀ ಲ್ಯಾನ್ಸಿ, ಕಂಡಕ್ಟರ್: ಹಸನಬ್ಬರನ್ನು ಬಿಡಲು.
೩. ಶ್ರೀಮತಿ ಸಾರಮ್ಮ: ಮಯಣ ತೆಗೆಯುವ ತೆಂಗಿನೆಣ್ಣೆಯನ್ನು ವಿಮಾನ ಹತ್ತಿದ ಮೇಲಷ್ಟೇ ಹಚ್ಚಿಕೊಳ್ಳುವಂತೆ ಗಂಡನಿಗೆ ಹೇಳಲು.
೪. ಹುಟ್ಟಲಿರುವ ಮೊಮ್ಮಗು, ಶಾರ್ಜಾ: ಸದರಿ ಬೆರಳನ್ನು ಹಿಡಿದುಕೊಳ್ಳಲು. ಹಿಂತಿರುಗಿಸುವ ಅವಸರವಿಲ್ಲ.