ಡಬಲ್ ಬಾಸಿನ ಕೊರಳು ಕಿತ್ತು ಬಂದದ್ದು

ಹೊಳಪು ಕಂಡರೆ ನನ್ನ ಬುದ್ಧಿ ಅರ್ಧ ಮಂಕಾಗುತ್ತದೆ. ಮಾರ್ಕೆಟ್ಟಿನಲ್ಲಿ ಮಿರಮಿರ ಮಿಂಚುವ ಬದನೆಕಾಯನ್ನೇ ಆರಿಸುತ್ತೇನೆ. ಮನೆಯಲ್ಲಿ ಹೆಚ್ಚಿದರೆ ಒಳಗೆ ಹುಳ. ಬದನೆಕಾಯಾದರೆ ಎಸೆದು ಬೇಳೆಸಾರು ಮಾಡಿ ಮುಗಿಸಬಹುದು. ಆದರೆ ನಾನು ಹೀಗೆಯೇ ಒಂದು ಡಬಲ್ ಬಾಸ್ ಕೊಂಡುಬಿಟ್ಟೆ. ಪಿಟೀಲಿನ ಮುತ್ತಜ್ಜನಂತಿರುವ, ಆಳಿಗಿಂತ ಎತ್ತರದ, ನಿಂತು ನುಡಿಸುವ ವಾದ್ಯ ಅದು. ಬ್ಯಾಂಕಿನ ಕೆಲಸ ಬಿಟ್ಟ ಮೇಲೆ ವಾಶಿಯಲ್ಲಿ ಫಿಲಿಪ್ ಸರ್ ನಡೆಸುವ ಹವ್ಯಾಸಿ ವಾದ್ಯವೃಂದ ಸೇರಿದ್ದೆ. ಪಿಟೀಲಿನವರು ಅಲ್ಲಿ ಬೇಕಾದಷ್ಟಿದ್ದರು, ಡಬಲ್ ಬಾಸಿಗೆ ಯಾರೂ ಇರಲಿಲ್ಲ. "ನೀವಿಲ್ಲದೆ ಆಗುವುದಿಲ್ಲ ಮೇಡಂ" ಅಂದರು ಸರ್. ಈ ಮಾತನ್ನು ಅದುವರೆಗೆ ನನಗೆ ಗ್ಯಾಸ್ ಸಿಲಿಂಡರ್ ತರುವವನೂ ಹೇಳಿರಲಿಲ್ಲ. ಆನ್‌ಲೈನಿನಲ್ಲಿ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಹೊಳೆಯುವುದನ್ನು ತರಿಸಿಯೇಬಿಟ್ಟೆ.

ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಅದು ಹಿಡಿಸಲಿಲ್ಲ. ಕಲ್ಯಾಣದಲ್ಲಿ ಹೋಟೆಲು ನಡೆಸುವ ನನ್ನ ಗಂಡ ಅದನ್ನು ಮೆಟ್ಟಿಲ ಮೇಲೆ ಹೊತ್ತು ತಂದು, ಏದುಸಿರು ಬಿಡುತ್ತ, "ಇದು ವಾದ್ಯವಾ ಮಾರಾಯ್ತಿ, ಕಪಾಟಾ? ಬಾಗಿಲಿದ್ರೆ ಬಟ್ಟೆಯಾದ್ರೂ ಇಡ್ಬಹುದಿತ್ತು" ಅಂದರು. ಮಗಳು ಮಾತ್ರ ಮರಾಠಿಯಲ್ಲಿ "ಆಈ, ಮಸ್ತ್!" ಎಂದಳು. ಕೆಲವೇ ದಿನಗಳಲ್ಲಿ ದಪ್ಪ ತಂತಿ ಮಿಕ್ಸಿಯಂತೆ ಗುರ್ರೆನ್ನತೊಡಗಿತು. ಬೆರಳೊತ್ತುವ ಪಟ್ಟಿ ಕರಿಮರದ್ದೆಂದು ಜಾಹೀರಾತಿನಲ್ಲಿತ್ತು. ಆ ಕರಿ ಬಣ್ಣ ನನ್ನ ಬೆರಳಿಗೆ ಹತ್ತಿತು. ಅದೇ ಕೈಯಲ್ಲಿ ಕಲಸಿದ ಚಪಾತಿಯನ್ನು ಮಗಳು ರಾಗಿಯದೆಂದು ತಿಂದಳು. ಹೊಸ ವಾದ್ಯ, ಪಳಗಬೇಕು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ನಮ್ಮ ಮೊದಲ ಕಾರ್ಯಕ್ರಮ ಹತ್ತಿರವಾಗಿತ್ತು. ವಾಶಿಯ ಅಭ್ಯಾಸದಲ್ಲಿ ಎಲ್ಲರೂ ಒಟ್ಟಿಗೆ ಜೋರಾಗಿ ನುಡಿಸುತ್ತಿದ್ದಾಗ ಲಟಕ್ ಎಂದಿತು. ನೋಡಿದರೆ ಕೊರಳು ನನ್ನ ಕೈಯಲ್ಲಿದೆ, ಒಡಲು ನೆಲದಲ್ಲಿದೆ. ಎಲ್ಲರ ಕಮಾನುಗಳೂ ಗಾಳಿಯಲ್ಲೇ ನಿಂತವು. ಫಿಲಿಪ್ ಸರ್ ಮೊಬೈಲಿನ ಬೆಳಕು ಬಿಟ್ಟು, "ಒಳಗೆ ಎಂತ ಉಂಟು ನೋಡುವ" ಎಂದು ಬಗ್ಗಿದರು. ಕೊರಳು ಕೂರುವ ಗುಂಡಿಯಲ್ಲಿ ಮರ ಸಾಲದೆ, ಮಡಿಸಿದ ಕಾಗದ ತುರುಕಿ ಗೋಡೆಯ ಪುಟ್ಟಿ ಮೆತ್ತಿದ್ದರು. ಒಳಗಿನ ಆಧಾರಪಟ್ಟಿ ಯಾವುದೋ ಪ್ಯಾಕಿಂಗ್ ಪೆಟ್ಟಿಗೆಯದು. ಅದರ ಮೇಲೆ 'ನೆನೆಸಬೇಡಿ' ಎಂದು ಸೂಚಿಸುವ ಕೊಡೆಯ ಚಿತ್ರ ತಲೆಕೆಳಗಾಗಿತ್ತು. ಎಲ್ಲರೂ ನಕ್ಕರು. ನಾನೂ ನಗಲು ಹೋಗಿ ಅತ್ತುಬಿಟ್ಟೆ. "ಅಳಬೇಡಿ ಮೇಡಂ, ಒಡಲು ಪರವಾಗಿಲ್ಲ. ನಾವೇ ಸರಿ ಮಾಡುವ" ಅಂದರು ಸರ್.

ಗಂಡ ಬೈಯಲಿಲ್ಲ. "ಹೊರಗೆ ಗರಿಗರಿ, ಒಳಗೆ ಹಸಿ ಹಿಟ್ಟು. ಅಂಥ ದೋಸೆ ನಾನು ಕೊಟ್ರೆ ಗಿರಾಕಿ ತಟ್ಟೆ ನನ್ನ ಮುಖಕ್ಕೇ ಎಸೀತಾನೆ" ಎಂದು ವಾದ್ಯ ಮಾಡಿದವರ ಮೇಲೆ ಸಿಟ್ಟಾಗಿ, ಕೊರಳಿನ ಗುಂಡಿಗೆ ಕೂರಿಸಲು ಹೋಟೆಲಿನ ಹಳೇ ಸಾಗುವಾನಿ ಬಾಗಿಲಿನಿಂದ ಒಂದು ತುಂಡು ಕೊಯ್ಯಿಸಿ ಕೊಟ್ಟರು. ಭಾನುವಾರ ಹೋಟೆಲಿನಲ್ಲೇ ರಿಪೇರಿ ಶುರುವಾಯಿತು. ಸರ್ ಅಂಟನ್ನು ಚಹಾದ ಪಾತ್ರೆಯಲ್ಲಿ ಕಾಯಿಸುತ್ತಿದ್ದರು. "ಪರಿಮಳ ಒಂಥರಾ ಉಂಟಲ್ಲ, ಇದು ಎಂತದ್ರದ್ದು?" ಎಂದು ಗಂಡ ಕೇಳಿದರು. "ದನದ ಚರ್ಮದ್ದು" ಎಂದರು ಸರ್, ಕೈಯಾಡಿಸುತ್ತ. ಶುದ್ಧ ಸಸ್ಯಾಹಾರಿ ಬೋರ್ಡಿನ ಮಾಲೀಕರು ಎದೆ ಹಿಡಿದುಕೊಂಡರು. ಒಲೆ, ಪಾತ್ರೆ, ಫಿಲಿಪ್ ಸರ್, ಡಬಲ್ ಬಾಸ್ ಎಲ್ಲವೂ ಹಿತ್ತಲಿಗೆ ಗಡೀಪಾರಾದವು. ಆದರೂ ಅಂಟು ಒಣಗುವ ತನಕ ಕೊರಳನ್ನು ಒತ್ತಿ ಹಿಡಿದವರು ನನ್ನ ಗಂಡನೇ, ಮೂಗನ್ನು ಆಚೆ ತಿರುಗಿಸಿಕೊಂಡು.

ಕಾರ್ಯಕ್ರಮದ ಸಂಜೆ ಮೊದಲ ಸ್ವರ ಎಳೆದೆ. ಗುರ್ರ್ ಇಲ್ಲ; ದುಂಡಗಿನ, ಆಳವಾದ ನಾದವೊಂದು ಎದ್ದು ನನ್ನ ಪಕ್ಕೆಲುಬಿನವರೆಗೆ ಬಂತು. ಕೊನೆಗೆ ಚಪ್ಪಾಳೆ ಬಿದ್ದಾಗ ಮುಂದಿನ ಸಾಲಿನಲ್ಲಿ ಗಂಡ ಎದ್ದು ನಿಂತಿದ್ದರು. ಪಕ್ಕದವರಿಗೆ, "ಆ ಕೊರಳು ನಮ್ಮ ಹೋಟೆಲಿಂದು" ಎನ್ನುತ್ತಿದ್ದದ್ದು ವೇದಿಕೆಗೂ ಕೇಳಿಸಿತು.

ಮುಂದಿನ ಅಭ್ಯಾಸದಲ್ಲಿ ಒಂದು ಸ್ವರ ತಪ್ಪಿತು. ರೂಢಿಯಂತೆ ನಾನು ವಾದ್ಯದ ಕೊರಳನ್ನು ಗುಮಾನಿಯಿಂದ ದಿಟ್ಟಿಸಿದೆ. ಫಿಲಿಪ್ ಸರ್ ಬಹಳ ಮೃದುವಾಗಿ, "ಅದನ್ನು ಎಂತ ನೋಡುವುದು ಮೇಡಂ? ಅದು ಈಗ ಗಟ್ಟಿ ಉಂಟು" ಅಂದರು. ಅಂದಿನಿಂದ ದಿನವೂ ಅಭ್ಯಾಸ ಮಾಡುತ್ತಿದ್ದೇನೆ. ನನ್ನ ರಿಪೇರಿಗೆ ಅಂಟು ಸಾಲದು ಎಂದು ಸರ್ ಹೇಳಿದ್ದಾರೆ.