ಸೋಮವಾರ ಮಾಡಿದ ಸಹಿ

ಕೆಲವರಿಗೆ ಚಹಾದ ಚಟ, ಕೆಲವರಿಗೆ ಎಲೆ ಅಡಿಕೆಯ ಚಟ. ನನಗೆ ಕ್ಯಾಲೆಂಡರಿನ ಚಟ. ಅಡುಗೆಮನೆ ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿರುವ, ರಾಹುಕಾಲ ಗುಳಿಕಕಾಲಗಳೆಲ್ಲ ಅಚ್ಚಾಗಿರುವ ಆ ಕ್ಯಾಲೆಂಡರನ್ನು ನಾನು ದಿನಕ್ಕೆ ಎಷ್ಟು ಸಲ ನೋಡುತ್ತೇನೋ ಶಿವನಿಗೇ ಗೊತ್ತು. ಹೊಸ ಪೊರಕೆ ತರಬೇಕಾದರೆ ನೋಡುತ್ತೇನೆ, ಉಪ್ಪಿನಕಾಯಿಗೆ ಮಾವು ಹೆಚ್ಚಬೇಕಾದರೆ ನೋಡುತ್ತೇನೆ, ಉಗುರು ಕತ್ತರಿಸಬೇಕಾದರೂ ನೋಡುತ್ತೇನೆ. ಮೂರು ವರ್ಷದ ಹಿಂದೆ ನಮ್ಮ ಯಜಮಾನರು, ಆಷಾಢದಲ್ಲಿ ರಿಯಾಯಿತಿ ಸಿಕ್ಕಿತು ಎಂದು ಕುಣಿಯುತ್ತಾ ಹೊಸ ಫ್ರಿಜ್ ತಂದರು. ತಂದದ್ದಂತೂ ಆಯಿತು, ಶ್ರಾವಣ ಹುಟ್ಟುವವರೆಗೆ ಬಿಚ್ಚುವುದು ಬೇಡ ಎಂದೆ. ಪೂರ್ತಿ ಮೂರು ವಾರ ಅದು ರಟ್ಟಿನ ಡಬ್ಬಿಯೊಳಗೆ ನಡುಮನೆಯಲ್ಲಿ, ಹುಡುಗಿ ನೋಡಲು ಬಂದ ಗಂಡಿನ ಹಾಗೆ ಮುಗುಮ್ಮಾಗಿ ನಿಂತಿತ್ತು. ಅದರ ನೆತ್ತಿಯ ಮೇಲಿಟ್ಟ ಹಾಲು ಎರಡು ಸಲ ಒಡೆಯಿತು. "ಊರಾಗೆಲ್ಲ ಫ್ರಿಜ್ಜಿನೊಳಗೆ ಹಾಲು ಇಡ್ತಾರೆ, ನಮ್ಮನೇಲಿ ಫ್ರಿಜ್ಜಿನ ಮ್ಯಾಲೆ ಇಡ್ತಾರೆ" ಎಂದು ಯಜಮಾನರು ಬಂದವರಿಗೆಲ್ಲ ಹೇಳಿ ನಗಿಸಿದರು. ನಾನೂ ನಕ್ಕೆ. ಫ್ರಿಜ್ಜಿಗೆ ಮನಸ್ಸಿಲ್ಲ ನೋಡಿ. ಮೂರು ವಾರ ಕಾಯಿಸಿದರೂ ಅದು ಬೇಜಾರು ಮಾಡಿಕೊಳ್ಳಲಿಲ್ಲ. ಸ್ವಿಚ್ ಒತ್ತಿದ ಕೂಡಲೇ ಗುಂಯ್ ಎಂದಿತು. ಎಲ್ಲವೂ ಹಾಗೆಯೇ ಎಂದುಕೊಂಡದ್ದು ನನ್ನ ತಪ್ಪು.

ನಮಗೆ ಇರುವವಳು ಒಬ್ಬಳೇ ಮಗಳು, ಸಿಂಚನಾ. ಈ ವರ್ಷ ಎಂಟನೇ ತರಗತಿ, ಅಂದರೆ ಹೈಸ್ಕೂಲು. ದಾವಣಗೆರೆಯಲ್ಲಿ ಶಾಲೆಗಳಿಗೇನು ಬರವಿಲ್ಲ, ಆದರೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಳ್ಳೆಯ ಹೈಸ್ಕೂಲಿನಲ್ಲಿ ಸೀಟು ಸಿಕ್ಕಿತಲ್ಲ, ಅದೇ ಒಂದು ಪುಣ್ಯ ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದ್ದೆ. ಜೂನ್ ಮೊದಲ ವಾರವೇ ಪೋಷಕರ ಸಭೆ ಕರೆದರು. ಹೆಡ್‌ಮಿಸ್ ಅರ್ಧ ಗಂಟೆ ಮಾತಾಡಿದರು. ಮಕ್ಕಳಿಂದ ಶಾಲೆ ಏನು ನಿರೀಕ್ಷಿಸುತ್ತದೆ, ಹಾಜರಿ ಎಷ್ಟಿರಬೇಕು, ಎರಡು ಜಡೆಗೆ ಯಾವ ಬಣ್ಣದ ಟೇಪು ಎಂಬುದೆಲ್ಲ ಆದ ಮೇಲೆ, "ವರ್ಷದ ಆರಂಭದಾಗೆ ಮಕ್ಕಳಿಗೆ ಭಾಳ ಅವಕಾಶ ಇರ್ತಾವ್ರಿ. ಆಟ ಐತೆ, ಬ್ಯಾಂಡ್‌ಸೆಟ್ ಐತೆ, ವಿಜ್ಞಾನದ ಪ್ರದರ್ಶನ ಐತೆ. ಆದ್ರೆ ಅವಕಾಶ ಅನ್ನೋದು ಬಾಗಿಲಿಗೆ ಬಂದು ಕೂಗೋದು ಒಂದೇ ಸಲ. ನೀವು ಮನೇಲಿ ಸ್ವಲ್ಪ ಲಕ್ಷ್ಯ ಕೊಡ್ರಿ" ಎಂದರು. ಏನಾದರೂ ಪ್ರಶ್ನೆ ಇದ್ದರೆ ಕೇಳಿ ಎಂದೂ ಹೇಳಿದರು. ನಾನು ಎದ್ದು ನಿಂತು, "ಸೋಮವಾರ ವಿಭೂತಿ ಹಚ್ಕಂಡು ಬಂದ್ರೆ ನಡೀತೈತೇನ್ರಿ ಮೇಡಂ?" ಎಂದು ಕೇಳಿದೆ. ನಡೆಯುತ್ತದೆ ಎಂದರು. ನನ್ನ ಮನಸ್ಸು ತಂಪಾಯಿತು. ಅವಕಾಶದ ವಿಷಯ ಅವರು ಹೇಳಿದ್ದು ಆಗ ನನ್ನ ತಲೆಯೊಳಗೆ ಇಳಿಯಲೇ ಇಲ್ಲ.

ಸಿಂಚನಾಳ ತಲೆಗೆ ಮಾತ್ರ ಇಳಿದಿತ್ತು. ಅವಳಿಗೆ ಬೇಕಾದದ್ದು ಬ್ಯಾಂಡ್‌ಸೆಟ್. ಅದರಲ್ಲೂ ಕೊರಳಿಗೆ ಪಟ್ಟಿ ಹಾಕಿಕೊಂಡು ಎರಡು ಕಡ್ಡಿಯಲ್ಲಿ ಬಾರಿಸುವ ಡ್ರಮ್ಮು. ಮೊದಲಿನಿಂದಲೂ ಅವಳ ಕೈ ಸುಮ್ಮನಿರುವ ಜಾತಿಯದಲ್ಲ. ರೊಟ್ಟಿ ತಟ್ಟುವ ಹಲಗೆ, ಎಣ್ಣೆಯ ಡಬ್ಬಿ, ಅಪ್ಪನ ಹೆಲ್ಮೆಟ್ಟು, ಕೈಗೆ ಸಿಕ್ಕಿದ್ದೆಲ್ಲ ಅವಳಿಗೆ ಡ್ರಮ್ಮೇ. ಕುಕ್ಕರ್ ಎಷ್ಟು ಸೀಟಿ ಹಾಕಿತು ಎಂದು ಎಣಿಸಲಾಗದೆ ನಾನು ಎಷ್ಟೋ ದಿನ ಬೇಳೆ ಸೀಯಿಸಿದ್ದೇನೆ. "ಆ ಬಾರ್ಸೋದು ಬಿಡ್ತೀಯೋ, ಬೆನ್ನ ಮ್ಯಾಲೆ ನಾನು ಬಾರ್ಸ್ಲೋ?" ಎಂದು ಗದರಿದರೆ, "ತಾಳ ತಪ್ಪದಂಗೆ ಬಾರ್ಸು ನೋಡಣ" ಎಂದು ಬೆನ್ನು ತಿರುಗಿಸಿ ನಿಲ್ಲುವ ಹುಡುಗಿ. ಬ್ಯಾಂಡಿಗೆ ಎಂಟನೇ ತರಗತಿಯವರನ್ನು ಮಾತ್ರ ಸೇರಿಸಿಕೊಳ್ಳುತ್ತಾರಂತೆ. ಸೇರಿದವರೇ ಹತ್ತನೇ ತರಗತಿವರೆಗೆ ಮುಂದುವರಿಯುತ್ತಾರಂತೆ. ಈಗ ಸಿಕ್ಕರೆ ಸಿಕ್ಕಿತು, ತಪ್ಪಿದರೆ ತಪ್ಪಿತು. ಪಿ.ಟಿ. ಮೇಷ್ಟ್ರು ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಬೆಂಚಿನ ಮೇಲೆ ಬಾರಿಸಲು ಹೇಳಿದರಂತೆ. ಇವಳದು ಮುಗಿದಾಗ, "ಯಾರ ಹತ್ರ ಕಲ್ತೆವ್ವ?" ಎಂದು ಕೇಳಿದರಂತೆ. "ನಮ್ಮಮ್ಮನ ಹತ್ರ ಬೈಸ್ಕಂಡು ಕಲ್ತೆ ಸರ್" ಎಂದಳಂತೆ.

ಒಂದು ಗುರುವಾರ ಸಂಜೆ ಫಾರಂ ತಂದಳು. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಅಭ್ಯಾಸ ಇರುತ್ತದೆ, ಅದಕ್ಕೆ ನಮ್ಮ ಅಭ್ಯಂತರವಿಲ್ಲ ಎಂದು ಬರೆದು, ಕೆಳಗೆ ಪೋಷಕರ ಸಹಿಗೆ ಒಂದು ಗೆರೆ ಬಿಟ್ಟಿದ್ದರು. ಅಷ್ಟೇ ಕೆಲಸ. ಬಾಗಿಲಲ್ಲೇ ನಿಂತು, ಚಪ್ಪಲಿಯನ್ನೂ ಬಿಡದೆ ಪೆನ್ನು ಚಾಚಿದಳು. ನಾನು ಆಗ ತಾನೇ ದೀಪ ಹಚ್ಚಿದ್ದೆ. ದೀಪ ಹಚ್ಚಿದ ಹೊತ್ತಿನಲ್ಲಿ ಮನೆಯಿಂದ ಮೊಸರಿನ ಹೆಪ್ಪನ್ನೂ ಹೊರಗೆ ಕೊಡದವಳು, ಸಹಿ ಕೊಟ್ಟೇನೇ? "ನಾಳೆ ನೋಡಣ" ಎಂದೆ. ನಾಳೆ ಮಣ್ಣೆತ್ತಿನ ಅಮಾವಾಸ್ಯೆ. ಪೂಜೆಗೆ ಒಳ್ಳೆಯ ದಿನ, ಹೊಸದು ಶುರು ಮಾಡುವುದಕ್ಕೆ ಹೇಗೋ ಏನೋ ಎಂದು ಹರಿಹರದಲ್ಲಿರುವ ನಮ್ಮವ್ವನಿಗೆ ಫೋನ್ ಮಾಡಿದೆ. ನಾನು ಕ್ಯಾಲೆಂಡರ್ ನೋಡಿದರೆ ಅವ್ವ ಪಂಚಾಂಗವನ್ನೇ ನೋಡುತ್ತಾಳೆ. "ಅಮಾಸಿ ದಿನ ಬ್ಯಾಡವ್ವ. ಮರುದಿನ ಆಷಾಢ ಹುಟ್ತೈತೆ, ಮ್ಯಾಲೆ ಶನಿವಾರ. ಅದೂ ಬ್ಯಾಡ. ಸೋಮವಾರ ಶಿವನ ವಾರ, ಅವತ್ತು ಯಾವ ದೋಷನೂ ತಟ್ಟಂಗಿಲ್ಲ. ಏಳೂವರಿಗೆ ರಾಹುಕಾಲ ಬರ್ತೈತೆ, ಅಷ್ಟರೊಳಗೆ ಮಾಡಿಬಿಡು" ಎಂದಳು.

ನಂಬಿ, ನಾನು ಇದನ್ನೆಲ್ಲ ಮಗಳಿಗೆ ಅಡ್ಡಗಾಲು ಹಾಕಲು ಮಾಡಲಿಲ್ಲ. ಹೈಸ್ಕೂಲಿನಲ್ಲಿ ಅವಳಿಗೆ ಸಿಕ್ಕ ಮೊದಲನೆಯ ಅವಕಾಶ, ಅದಕ್ಕೆ ಬೀಳುವ ಮೊದಲನೆಯ ಗೆರೆ ನನ್ನ ಕೈಯದು. ಅದು ಒಳ್ಳೆಯ ಗಳಿಗೆಯಲ್ಲಿ ಬೀಳಲಿ ಎಂಬ ಆಸೆ. ಅಮಾವಾಸ್ಯೆ ದಿನ ದೇವರ ಜಗಲಿಯಲ್ಲಿ ಮಣ್ಣೆತ್ತುಗಳನ್ನು ಕೂಡಿಸುವಾಗ ಫಾರಮ್ಮನ್ನೂ ಮಡಿಸಿ ಅವುಗಳ ಮಣೆಯ ಕೆಳಗಿಟ್ಟೆ. ಎತ್ತುಗಳಿಗೆ ಹೂವು ಏರಿಸಿದೆ, ಹೋಳಿಗೆ ಎಡೆ ಹಿಡಿದೆ. ನನ್ನ ಮಗಳ ಡ್ರಮ್ಮಿಗೆ ಅಷ್ಟು ಭಕ್ತಿಯಿಂದ ಪೂಜೆ ಮಾಡಿದವರು ಈ ಊರಲ್ಲಿ ಇನ್ನೊಬ್ಬರು ಇರಲಾರರು.

ಶನಿವಾರ ಬೆಳಿಗ್ಗೆ ಯೂನಿಫಾರ್ಮ್ ಹಾಕಿಕೊಂಡು ಜಗಲಿಯ ಮುಂದೆ ನಿಂತಳು. "ಅಮ್ಮ, ಇವತ್ತೇ ಲಾಸ್ಟು. ಕೊಡ್ಲೇಬೇಕು."

"ಸೋಮವಾರ ಕೊಟ್ರೆ ಏನಾಗ್ತೈತೆ? ಲೋಕದಾಗೆ ಯಾವ್ದು ಹೇಳಿದ ದಿನಕ್ಕೆ ಮುಗಿದೈತೆ ಹೇಳು. ನಮ್ಮಮ್ಮ ಸೋಮವಾರ ಕೊಡ್ತಾರಂತೆ ಸರ್ ಅಂತ ಹೇಳು."

"ಅಪ್ಪನ ಹತ್ರ ಮಾಡಿಸ್ಲಾ?"

ಅಪ್ಪ ಆಗ ಹದಡಿ ಹಳ್ಳಿಯಲ್ಲಿ ಯಾರದೋ ತೋಟಕ್ಕೆ ಪೈಪು ಹಾಕಿಸಲು ಬೆಳಗಾಗುವ ಮುಂಚೆಯೇ ಹೋಗಿದ್ದರು. ಇದ್ದಿದ್ದರೂ, "ನಿಮ್ಮಮ್ಮನ ಖಾತೆ ಅದು, ನಾನು ಕೈ ಹಾಕಂಗಿಲ್ಲ" ಎನ್ನುತ್ತಿದ್ದರು. ಅವಳು ಮಣೆಯ ಕೆಳಗಿನಿಂದ ಹೊರಗೆ ಚಾಚಿಕೊಂಡಿದ್ದ ಕಾಗದದ ಅಂಚನ್ನು ಒಂದು ಗಳಿಗೆ ನೋಡಿದಳು, ಹೋದಳು. ಎಳೆದುಕೊಂಡು ಹೋಗಬಹುದಿತ್ತು. ದೇವರ ಜಗಲಿಯ ಮೇಲಿನ ವಸ್ತುವನ್ನು ಕೇಳದೆ ಮುಟ್ಟಬಾರದು ಎಂದು ಅವಳಿಗೆ ಕಲಿಸಿದವಳೂ ನಾನೇ.

ಸೋಮವಾರ ಸ್ನಾನ, ಪೂಜೆ ಮುಗಿಸಿ ಏಳು ಗಂಟೆಗೆ ಸಹಿ ಹಾಕಿದೆ. ಮೂಲೆಗೆ ಚೂರು ವಿಭೂತಿಯನ್ನೂ ಸವರಿದೆ. ಅವಳು ಫಾರಮ್ಮನ್ನು ಬ್ಯಾಗಿಗೆ ಹಾಕಿಕೊಂಡು ಹೋದಳು, ಸಂಜೆ ಬಂದಳು, ಕೈಕಾಲು ತೊಳೆದು ಓದಲು ಕೂತಳು. "ಏನಂದ್ರು?" ಎಂದೆ. "ಶನಿವಾರನೇ ಮುಗೀತಂತೆ" ಎಂದಳು. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ, ಜಗಳ ಆಡಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಅವಳು ಸಮಾಜ ವಿಜ್ಞಾನದ ಪುಸ್ತಕ ತೆಗೆದು ಓದಿದಳು. ಆ ವಾರವೆಲ್ಲ ನಮ್ಮ ಮನೆಯ ಹಲಗೆ, ಡಬ್ಬಿ, ಹೆಲ್ಮೆಟ್ಟು ಯಾವುದೂ ಸದ್ದು ಮಾಡಲಿಲ್ಲ. ಕುಕ್ಕರಿನ ಸೀಟಿಗಳು ಒಂದೊಂದೂ ಸ್ಪಷ್ಟವಾಗಿ ಕೇಳಿಸಿದವು. ಬೇಳೆ ಹದವಾಗಿ ಬೆಂದಿತು. ಯಾರೂ ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ.

ತಡೆಯಲಾಗದೆ ನಾನೇ ಶಾಲೆಗೆ ಹೋದೆ. ಪಿ.ಟಿ. ಮೇಷ್ಟ್ರು ಮೈದಾನದ ಪಕ್ಕ ಕುರ್ಚಿ ಹಾಕಿಕೊಂಡು ಡ್ರಮ್ಮಿನ ಚರ್ಮ ಬಿಗಿಯುತ್ತಿದ್ದರು. "ಬರ್ರಿ ಅಮ್ಮಾರೆ, ಕೂಡ್ರಿ" ಎಂದು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಒಳ್ಳೆಯ ಮನುಷ್ಯ; ಅದೇ ಕಷ್ಟವಾಯಿತು. ಕೆಟ್ಟವರಾಗಿದ್ದರೆ ತಪ್ಪನ್ನು ಅವರ ತಲೆಗೇ ಕಟ್ಟಿ ಬರಬಹುದಿತ್ತು. "ಎರಡು ದಿನ ತಡ ಆಗೈತೆ ಸರ್, ಹೆಂಗಾದ್ರೂ ಮಾಡಿ ಸೇರಿಸ್ಕೊಳ್ರಿ" ಎಂದೆ.

"ನನ್ನ ಹತ್ರ ಹೊಸಬರಿಗೆ ಅಂತ ಇರೋದು ಎಂಟು ಡ್ರಮ್ಮು. ಶನಿವಾರ ಎಂಟು ಹುಡುಗ್ರು ಬಂದ್ರು, ಕೊಟ್ಟೆ. ಈಗ ಯಾರ ಕೊರಳಿಂದ ತೆಗೀಲಿ ಹೇಳ್ರಿ?" ಎಂದರು. ಆಮೇಲೆ ಕೈಯಲ್ಲಿದ್ದ ಡ್ರಮ್ಮನ್ನು ಕೆಳಗಿಟ್ಟು, "ನಿಮ್ಮ ಹುಡುಗಿ ಬರ್ತಾಳೆ ಅಂತ ಒಂದು ಡ್ರಮ್ಮು ತೆಗೆದು ಇಟ್ಟಿದ್ದೆ ಕಣ್ರಿ. ಶನಿವಾರ ನಾನೇ ಕರೆದು ಕೇಳ್ದೆ, ಯಾಕವ್ವ ಫಾರಂ ತಂದಿಲ್ಲ ಅಂತ. ನಂಗೆ ಬ್ಯಾಡ ಸರ್, ಓದೋದು ಭಾಳ ಐತೆ ಅಂದ್ಲು. ಅದಕ್ಕೇ ಬೇರೆಯವರಿಗೆ ಕೊಟ್ಟೆ" ಎಂದರು.

ಸಿಂಚನಾ, ನಮ್ಮಮ್ಮ ಒಳ್ಳೆ ದಿನ ಕಾಯುತ್ತಿದ್ದಾಳೆ ಎಂದು ಹೇಳಿದ್ದರೆ ಮೇಷ್ಟ್ರು ಸೋಮವಾರದವರೆಗೆ ಆ ಡ್ರಮ್ಮನ್ನು ಇಟ್ಟುಕೊಂಡಿರುತ್ತಿದ್ದರೋ ಏನೋ. ಅವಳು ಹೇಳಲಿಲ್ಲ. ಹೇಳಿದ್ದರೆ ತರಗತಿಯೆಲ್ಲ ನಗುತ್ತಿತ್ತು. ನಗುವುದು ಅವಳನ್ನಲ್ಲ, ನನ್ನನ್ನು. ಹದಿಮೂರು ವರ್ಷದ ಹುಡುಗಿ ಡ್ರಮ್ಮನ್ನು ಬಿಟ್ಟುಕೊಟ್ಟು ಅಮ್ಮನ ಮರ್ಯಾದೆ ಉಳಿಸಿಕೊಂಡು ಬಂದಿದ್ದಳು. ಮನೆಗೆ ಬಂದು ಅವ್ವನಿಗೆ ಫೋನ್ ಮಾಡಿದೆ. "ಹೋಗ್ಲಿ ಬಿಡು, ಅವಳ ಹಣೇಲಿ ಇರ್ಲಿಲ್ಲ" ಎಂದಳು. ಬೇರೆ ದಿನವಾಗಿದ್ದರೆ ನಾನೂ ಹೂಂ ಎನ್ನುತ್ತಿದ್ದೆ. "ಹಣೇಲಿ ಇತ್ತವ್ವ, ನಾನು ಮಣೆ ಕೆಳಗೆ ಇಟ್ಟೆ" ಎಂದೆ. ಅವ್ವ ಬೇರೆ ಮಾತು ತೆಗೆದಳು. ಯಜಮಾನರು ಮಾತ್ರ ನನ್ನನ್ನು ಒಂದು ಮಾತೂ ಆಡಿಕೊಳ್ಳಲಿಲ್ಲ. ಫ್ರಿಜ್ಜಿನ ಕಥೆ ಹೇಳುವುದನ್ನೂ ನಿಲ್ಲಿಸಿದರು. ಅದೂ ಒಂದು ದಯೆಯೇ ಎಂದು ಲೆಕ್ಕ ಹಿಡಿದೆ.

ಆಗಸ್ಟ್ ಹದಿನೈದಕ್ಕೆ ಧ್ವಜ ಹಾರಿಸುವುದನ್ನು ನೋಡಲು ಪೋಷಕರನ್ನೂ ಕರೆದಿದ್ದರು. ಬಿಳಿ ಕೈಗವಸು ಹಾಕಿದ ಎಂಟು ಮಕ್ಕಳು ಬಾರಿಸುತ್ತಾ ಮುಂದೆ ಬಂದರು. ಚೆನ್ನಾಗಿಯೇ ಬಾರಿಸಿದರು, ಶಿವ ಅವರನ್ನು ಚೆನ್ನಾಗಿಡಲಿ. ನಾನು ನೋಡಿದ್ದು ಮಾತ್ರ ನಾಲ್ಕನೆಯ ಸಾಲನ್ನು. ಸಿಂಚನಾ ಒಂದು ಕೈಯಲ್ಲಿ ಕಾಗದದ ಬಾವುಟ ಹಿಡಿದು ನಿಂತಿದ್ದಳು. ಇನ್ನೊಂದು ಕೈಯ ಬೆರಳುಗಳು ಲಂಗದ ಮಡಿಕೆಯ ಮೇಲೆ, ಯಾರಿಗೂ ಕಾಣದ ಹಾಗೆ, ತಾಳ ಹಾಕುತ್ತಿದ್ದವು. ನಾನು ನೋಡುತ್ತಿರುವುದು ಕಂಡ ಕೂಡಲೇ ನಿಂತವು. ಹಂಚಿದ ಸಿಹಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ.

ಅದಾಗಿ ಹದಿನೈದು ದಿನಕ್ಕೆ ಒಂದು ಮಂಗಳವಾರ, ರೊಟ್ಟಿ ಹಿಟ್ಟು ನಾದುತ್ತಿದ್ದಾಗ ಫೋನ್ ಬಂತು. ಅವಳ ಕ್ಲಾಸ್ ಟೀಚರ್. "ನಮಸ್ಕಾರ್ರಿ ಅಮ್ಮಾರೆ. ವಿಜ್ಞಾನ ಪ್ರದರ್ಶನಕ್ಕೆ ಸಿಂಚನಾ ಫಾರಂ ಕೊಟ್ಟಾಳ್ರಿ. ಬಸ್ಸಿನಾಗೆ ಹರಿಹರಕ್ಕೆ ಕರ್ಕಂಡು ಹೋಗೋದು ಐತಲ್ಲ, ಅದಕ್ಕೇ ಎಲ್ಲರ ಮನೆಗೂ ಒಂದು ಫೋನ್ ಮಾಡ್ತಿದೀನಿ. ಸಹಿ ನಿಮ್ದೇ ಹೌದಲ್ರಿ?"

ನಾನು ಯಾವ ಫಾರಮ್ಮನ್ನೂ ನೋಡಿರಲಿಲ್ಲ. ಹೆಡ್ಮಿಸ್ ಅಂದು ಹೇಳಿದ್ದ ವಿಜ್ಞಾನ ಪ್ರದರ್ಶನ ಇಷ್ಟು ಬೇಗ ಬಂದಿದೆ ಎಂದೂ ಗೊತ್ತಿರಲಿಲ್ಲ. "ಹುಡುಗಿ ಇಲ್ಲೇ ಎದುರಿಗೆ ನಿಂತಾಳ್ರಿ" ಎಂದರು ಟೀಚರ್. ಆ ಕಡೆ ಯಾರೋ ಉಸಿರು ಬಿಗಿಹಿಡಿದು ನಿಂತಿರುವುದು ನನಗೆ ಫೋನಿನೊಳಗಿಂದಲೇ ತಿಳಿಯಿತು. ನನ್ನ ಹಣೆಯ ಮೇಲೆ ಮೂರು ಬೆರಳು ವಿಭೂತಿ ಇತ್ತು, ಎದುರಿಗೆ ಜಗಲಿಯಲ್ಲಿ ದೀಪ ಇನ್ನೂ ಉರಿಯುತ್ತಿತ್ತು.

"ಹೌದ್ರಿ, ನಂದೇ" ಎಂದೆ.

"ಭಾಳ ಸಂತೋಷ್ರಿ. ನಿನ್ನೆ ಸಂಜೆ ಕೊಟ್ಟಿದ್ದು, ಬೆಳಿಗ್ಗೆ ಮೊದಲನೇ ಬೆಲ್ಲಿಗೇ ತಂದಾಳೆ. ಉಳಿದವರಿಗೆ ನಾಲ್ಕು ಸಲ ಹೇಳ್ಬೇಕು. ಮುಂದಿನ ಪೋಷಕರ ಸಭೆಗೆ ತಪ್ಪದೆ ಬರ್ರಿ. ನಿಮ್ಮನ್ನ ನಿಲ್ಸಿ ನಾಲ್ಕು ಜನಕ್ಕೆ ತೋರಿಸ್ಬೇಕು, ತಾಯಿ ಅಂದ್ರೆ ಹಿಂಗಿರಬೇಕು ಅಂತ."

ಸಂಜೆ ಅವಳು ಬಂದಳು. ಮಂಡಕ್ಕಿ ಒಗ್ಗರಣೆ ಹಾಕಿ ಮುಂದಿಟ್ಟೆ. ಅರ್ಧ ತಿಂದ ಮೇಲೆ, ತಟ್ಟೆ ನೋಡುತ್ತಲೇ, "ಅಮ್ಮ, ಹರಿಹರಕ್ಕೆ ಹೋಗೋ ದಿನ ಬುತ್ತಿ ಕಟ್ಟಿಕೊಡ್ತೀಯಾ?" ಎಂದಳು. "ಹೂಂ" ಎಂದೆ. ಬುತ್ತಿಗಾದರೂ ನಾನು ಬೇಕಲ್ಲ, ಶಿವನೇ, ಅಷ್ಟು ಸಾಕು.

ಪೋಷಕರ ಸಭೆ ಮುಂದಿನ ವಾರವಂತೆ. ಈ ಸಲ ಮಕ್ಕಳೂ ಪಕ್ಕದಲ್ಲೇ ಕೂರುತ್ತಾರಂತೆ. ಎದ್ದು ನಿಲ್ಲು ಎಂದರೆ ನಿಲ್ಲುತ್ತೇನೆ, ಮಾದರಿ ತಾಯಿ ಎಂದರೆ ತಲೆ ತಗ್ಗಿಸಿ ಕೈ ಮುಗಿಯುತ್ತೇನೆ. ನೋಡಿದವರು ಎಷ್ಟು ವಿನಯ ಎಂದುಕೊಳ್ಳಲಿ. ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟುವಾಗ ನನ್ನ ಪಕ್ಕದ ಕುರ್ಚಿಯಿಂದಲೂ ಸದ್ದು ಬರುತ್ತದೋ ಇಲ್ಲವೋ, ನನಗೆ ಈಗ ಇರುವ ಚಿಂತೆ ಅದೊಂದೇ.