ಅಜ್ಜನ ಮುಂದೆ ಓಡದ ರೋಬೋಟ್

ಯಂತ್ರಕ್ಕೆ ಮನಸ್ಸಿಲ್ಲ, ನಾವು ಹೇಳಿದಷ್ಟನ್ನು ಮಾಡುತ್ತದೆ ಎಂದು ನಮ್ಮ ಪಠ್ಯಪುಸ್ತಕದ ಮೊದಲ ಪಾಠದಲ್ಲೇ ಇದೆ. ಬರೆದ ಪುಣ್ಯಾತ್ಮ ತಾನು ಮಾಡಿದ ಯಂತ್ರವನ್ನು ಮನೆಯವರಿಗೆ ತೋರಿಸಲು ಎಂದೂ ಹೋಗಿರಲಿಕ್ಕಿಲ್ಲ. ಬಳ್ಳಾರಿಯಲ್ಲಿ ರೋಬೋಟಿಕ್ಸ್ ಇಂಜಿನಿಯರಿಂಗ್ ಓದುವ ನನಗೆ ಇಂಥವು ಆಗುತ್ತಲೇ ಇರುತ್ತವೆ. ಲ್ಯಾಬಿನಲ್ಲಿ ಯಾರೂ ಇಲ್ಲದಾಗ ನನ್ನ ರೋಬೋಟ್ ಲಗುಬಗೆಯಿಂದ ಓಡಾಡುತ್ತದೆ. ನೋಡಲೆಂದು ಯಾರಾದರೂ ಬಂದರೆ ಮುನಿಸಿಕೊಂಡು ನಿಂತುಬಿಡುತ್ತದೆ. ಬಂದವರು ಬೇರೆ ಯಾರೇ ಆಗಿದ್ದರೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ನೋಡಬೇಕೆಂದು ಆಸೆಪಟ್ಟವನು ಕುರುಗೋಡಿನ ನಮ್ಮಜ್ಜ. ಅವನ ಕಣ್ಣೆದುರು ಒಂದೇ ಒಂದು ಸಲ ಅದು ಓಡಲಿ ಎಂಬುದಷ್ಟೇ ನನ್ನ ಹಂಬಲವಾಗಿತ್ತು.

ಕೂಸಿನ ವಯಸ್ಸು

ರೋಬೋಟಿಗೆ ಚಕ್ರ ಬೇಕಾಗಿತ್ತು. ಆನ್‌ಲೈನಿನಲ್ಲಿ ಆರ್ಡರ್ ಮಾಡಿದ್ದು ಬರುವುದು ತಡವಾಯಿತೆಂದು ಬ್ರೂಸ್‌ಪೇಟೆಯ ಆಟಿಕೆ ಅಂಗಡಿಗೆ ಹೋದೆ. ಲಾರಿ, ಜೀಪು, ಬುಲ್ಡೋಜರ್ ಎಲ್ಲವನ್ನೂ ತಿರುವಿ ಹಾಕಿ ಬರೀ ಚಕ್ರ ನೋಡುತ್ತಿದ್ದ ನನ್ನನ್ನು ಕಂಡು ಅಂಗಡಿಯವರಿಗೆ ಬೇಜಾರಾಯಿತು.

"ಕೂಸಿಗೆ ಎಷ್ಟು ವರ್ಷ ಹೇಳಮ್ಮ, ನಾನಾ ಆರಿಸಿ ಕೊಡ್ತೀನಿ" ಎಂದರು.

"ಇಂಜಿನಿಯರಿಂಗ್ ಮೂರನೇ ವರ್ಷರಿ" ಎಂದೆ.

ಅವರು ಬುಲ್ಡೋಜರ್ ಕಟ್ಟಿಕೊಟ್ಟರು.

ಅದರ ಚಕ್ರ ಕಿತ್ತು ರೋಬೋಟಿಗೆ ಹಾಕಿದ ದಿನ ಅಜ್ಜನಿಗೆ ವಿಡಿಯೋ ಕಾಲ್ ಮಾಡಿದೆ. ಮೊಮ್ಮಗಳು ಕಬ್ಬಿಣದ ಮನುಷ್ಯನನ್ನು ಮಾಡುತ್ತಿದ್ದಾಳೆಂದು ಅಜ್ಜ ಓಣಿಗೆಲ್ಲ ಹೇಳಿಕೊಂಡು ಬಂದಿದ್ದ. ಫೋನಿನಲ್ಲಿ ಕಂಡದ್ದು ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಕೆಳಗೆ ಚಕ್ರ, ಮುಂದೆ ಕಣ್ಣಿನಂತೆ ಎರಡು ದುಂಡನೆಯ ಸೆನ್ಸರ್. ಅಜ್ಜ ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದು ನೋಡಿದ.

"ಯವ್ವಾ, ಕೈ ಎಲ್ಲಿ? ಕಾಲೆಲ್ಲಿ?"

"ಇಷ್ಟಾ ಅಜ್ಜ ಇದು."

ಅಜ್ಜನಿಗೆ ನನ್ನ ಮೇಲೆ ಕನಿಕರ ಬಂದಿರಬೇಕು. ದನಿ ಇಳಿಸಿ ಕೇಳಿದ: "ಇನ್ನಾ ಬೆಳೀತೈತೇನು?"

ನಿಲ್ಲುವ ವಿದ್ಯೆ

ಕಾಲೇಜಿನಲ್ಲಿ ಪ್ರಾಜೆಕ್ಟುಗಳ ಪ್ರದರ್ಶನ ಇಟ್ಟರು. ನನ್ನ ರೋಬೋಟಿನ ಹೆಚ್ಚುಗಾರಿಕೆ ಎಂದರೆ ದಾರಿ ಖಾಲಿ ಇದ್ದರೆ ಓಡುವುದು, ಎದುರಿಗೆ ಏನಾದರೂ ಕಂಡರೆ ಗೇಣು ದೂರದಲ್ಲೇ ನಿಲ್ಲುವುದು. ಬೆಳಿಗ್ಗೆಯಿಂದ ಓಡಿದ್ದೇ ಓಡಿದ್ದು. ಮಧ್ಯಾಹ್ನ ಅಜ್ಜ ಒಗೆದ ಧೋತರ ಉಟ್ಟು, ಕೈಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿಯ ಪೊಟ್ಟಣ ಹಿಡಿದು ಬಂದ. ಬಂದವನೇ ರೋಬೋಟಿನ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಅದು ನಿಂತಿತು.

"ಅಜ್ಜ, ಸ್ವಲ್ಪ ಬಾಜೂಕ ಸರಿ."

"ಬಾಜೂಕ ನಿಂತು ನೋಡಾಕ ಅಲ್ಲಿಂದ ಬಂದೀನೇನು? ಮಕಾ ನೋಡಬೇಕು."

ಎತ್ತು ಕೊಳ್ಳುವಾಗಲೂ ಮುಖ ನೋಡದೆ ಮಾತಾಡದವನು ನಮ್ಮಜ್ಜ. ನಾನು ರೋಬೋಟನ್ನು ಎಡಕ್ಕೆ ತಿರುಗಿಸಿದರೆ ಎಡಕ್ಕೆ ಬಂದು ಕುಳಿತ, ಬಲಕ್ಕೆ ತಿರುಗಿಸಿದರೆ ಬಲಕ್ಕೆ. ಅದು ಅವನನ್ನು ಕಂಡಾಗಲೆಲ್ಲ ವಿಧೇಯತೆಯಿಂದ ನಿಂತಿತು. ನಮ್ಮ ಸರ್ ಮಾತ್ರ ಸಂಭ್ರಮದಿಂದ "ಎಕ್ಸಲೆಂಟ್, ಒಂದು ಸಲಾನೂ ತಪ್ಪಲಿಲ್ಲ" ಎಂದು ಅಂಕ ಹಾಕಿದರು.

"ಅಜ್ಜ, ಮುಂದ ಯಾರರ ಬಂದ್ರ ನಿಂದ್ರೋದಾ ಅದರ ಕೆಲಸ" ಎಂದೆ.

"ನಿಂದ್ರಾಕ ನಾಲ್ಕು ವರ್ಷ ಓದಬೇಕೇನವ್ವಾ? ನಮ್ಮ ಎತ್ತು ಸಾಲಿಗೆ ಹೋಗಲಾರ್ದಾ ನಿಂದರತಿತ್ತು."

ನಿಂಬೆಹಣ್ಣಿನ ಗೆಲುವು

ನನ್ನ ರೂಮ್‌ಮೇಟ್ ಸಿರುಗುಪ್ಪದವಳು. ಅವರದು ಅಕ್ಕಿ ಗಿರಣಿ. ಆಯುಧಪೂಜೆಗೆ ಕರೆದಾಗ ರೋಬೋಟನ್ನೂ ಅಜ್ಜನನ್ನೂ ಕರೆದುಕೊಂಡು ಹೋದೆ. ಗಿರಣಿಯ ನೆಲ ಉದ್ದಕ್ಕೆ ಖಾಲಿ ಇತ್ತು. ಎದುರಿಗೆ ಹೋಗಿ ಕೂಡುವುದಿಲ್ಲವೆಂದು ಅಜ್ಜನಿಂದ ಬಸ್ಸಿನಲ್ಲೇ ಮಾತು ತೆಗೆದುಕೊಂಡಿದ್ದೆ. ಈ ಸಲ ಓಡದೆ ಎಲ್ಲಿಗೆ ಹೋಗುತ್ತದೆ ಎಂದುಕೊಂಡೆ.

ಗೆಳತಿಯ ಅಪ್ಪ ದೊಡ್ಡ ಮನಸ್ಸಿನವರು. ಗಿರಣಿಯ ಯಂತ್ರ, ಲಾರಿ, ಟ್ರ್ಯಾಕ್ಟರ್‌ಗಳ ಸಾಲಿನಲ್ಲೇ ನನ್ನ ರೋಬೋಟನ್ನೂ ಇಟ್ಟು, ಕುಂಕುಮ ಹಚ್ಚಿ, ಲಾರಿಗೆ ಇಟ್ಟಂತೆ ಅದರ ಚಕ್ರಗಳ ಮುಂದೆಯೂ ಒಂದೊಂದು ನಿಂಬೆಹಣ್ಣು ಇಟ್ಟರು. ಕಾಯಿ ಒಡೆದರು. ಲಾರಿ ಹೊರಟಿತು, ಹಣ್ಣು ಪಚಕ್ಕೆಂದಿತು. ಟ್ರ್ಯಾಕ್ಟರ್ ಹೊರಟಿತು, ಪಚಕ್. ನಾನು ಸ್ವಿಚ್ ಹಾಕಿದೆ. ರೋಬೋಟ್ ಗುರ್ ಎಂದಿತು. ಬುಲ್ಡೋಜರಿನಿಂದ ಕಿತ್ತ ಚಕ್ರಗಳು ನಿಂಬೆಹಣ್ಣಿಗೆ ಒತ್ತಿಕೊಂಡು ಇದ್ದಲ್ಲೇ ತಿರುಗಿದವು. ಹಣ್ಣು ಮಿಸುಕಲಿಲ್ಲ. ಅದನ್ನು ಕೈಯಿಂದ ತೆಗೆಯುವಂತೆಯೂ ಇಲ್ಲ, ಪೂಜೆ ಮಾಡಿದ್ದು. ಕೊನೆಗೆ ಮೋಟಾರು ಬಿಸಿಯಾಗಿ ಸುಟ್ಟ ವಾಸನೆ ಬಂತು.

ಗಿರಣಿಯವರೆಲ್ಲ ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕರು. ನನಗೆ ಅಳು ಬಂತು. ಅಜ್ಜ ಬಂದು ರೋಬೋಟನ್ನು ಕೂಸಿನಂತೆ ಎತ್ತಿ ಕಂಕುಳಲ್ಲಿ ಇಟ್ಟುಕೊಂಡ.

"ನಗಬ್ಯಾಡ್ರಿ, ಇನ್ನಾ ಸಣ್ಣದೈತಿ" ಎಂದು ಗದರಿದ. ಆಮೇಲೆ ನನ್ನ ಕಡೆ ತಿರುಗಿ ಹೇಳಿದ: "ಮುಂದಿನ ವರ್ಷ ಅರ್ಧ ಹೋಳು ಇಡಾಕ ಹೇಳೂಣು."

ಒಬ್ಬರಿಗೆ ಒಬ್ಬರು

ಆ ಮುಂದಿನ ವರ್ಷಕ್ಕೆ ಅಜ್ಜ ಕಾಯಲಿಲ್ಲ. ಚಳಿಗಾಲದಲ್ಲಿ ಉಸಿರಾಟದ ತೊಂದರೆ ಎಂದು ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದರು. ಹೊಸ ಮೋಟಾರು ಹಾಕಿದ್ದೆ. ರೋಬೋಟನ್ನು ಚೀಲದಲ್ಲಿಟ್ಟುಕೊಂಡು ಕಂಟೋನ್ಮೆಂಟಿನ ರೂಮಿನಿಂದ ಆಟೋದಲ್ಲಿ ಹೋದೆ. ಬಾಗಿಲಲ್ಲೇ ವಾಚ್‌ಮನ್ ತಡೆದ.

"ಏನಿದು?"

"ರೋಬೋಟ್. ಅಜ್ಜಗ ತೋರಿಸಬೇಕು."

"ಪೇಷಂಟ್ ಒಬ್ಬರಿಗೆ ನೋಡಾಕ ಒಬ್ಬರು ಅಷ್ಟಾ. ನೀ ಹೋಗ್ತಿಯೋ, ಅದು ಹೋಗ್ತೈತೋ?"

ನಾನು ಹೋದೆ. ಅಜ್ಜನ ಮೂಗಿಗೆ ನಳಿಗೆ ಹಾಕಿದ್ದರು. ಕಣ್ಣು ತೆರೆದವನೇ ಕೇಳಿದ್ದು ಅದನ್ನೇ: "ತಂದೀಯೇನು?"

"ಕೆಳಗ ವಾಚ್‌ಮನ್ ಕಡೆ ಐತಿ."

"ಈಗ ಓಡ್ತೈತೇನು?"

"ಓಡ್ತೈತಿ ಅಜ್ಜ."

"ಹಂಗಾರ ತಾನಾ ಹತ್ತಿ ಬರ್ಲಿ."

"ಮೆಟ್ಲಾ ಹತ್ತೋದು ಮುಂದಿನ ಸೆಮಿಸ್ಟರ್‌ನಾಗ" ಎಂದೆ.

ಅಜ್ಜ ನಕ್ಕ. ನಳಿಗೆಯೊಳಗೇ ನಕ್ಕಿದ್ದರಿಂದ ಕೆಮ್ಮು ಬಂದು ನರ್ಸ್ ಓಡಿ ಬಂದು ನನ್ನನ್ನು ಬೈದರು. ಅವನನ್ನು ನಾನು ಕೊನೆಯದಾಗಿ ನಗಿಸಿದ್ದು ಅದು. ವಾಚ್‌ಮನ್‌ನ ಕೈಕಾಲು ಹಿಡಿದಾದರೂ ರೋಬೋಟನ್ನು ಮೇಲಕ್ಕೆ ಒಯ್ಯಬೇಕಿತ್ತು ಎಂದು ಈಗಲೂ ಅನಿಸುತ್ತದೆ.

ಮುಚ್ಚಿದ ಬಾಗಿಲು

ಮಹಾಲಯ ಅಮಾವಾಸ್ಯೆಗೆ ಕುರುಗೋಡಿಗೆ ಹೋದೆ. ನಮ್ಮಲ್ಲಿ ಆ ದಿನ ತೀರಿಕೊಂಡವರ ಫೋಟೋ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು, ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂಡುತ್ತಾರೆ. ಹಿರಿಯರು ಬಂದು ಉಂಡು ಹೋಗುತ್ತಾರೆಂಬ ನಂಬಿಕೆ. ಬಾಳೆ ಎಲೆಯ ಮೇಲೆ ಹೋಳಿಗೆ, ಮಂಡಕ್ಕಿ ಒಗ್ಗರಣೆ, ಮಿರ್ಚಿ ಎಲ್ಲ ಬಂತು. ಆಮೇಲೆ ಅಮ್ಮ, ಅಂದರೆ ನಮ್ಮಜ್ಜಿ, ನನ್ನ ಚೀಲದತ್ತ ಕೈ ಮಾಡಿದಳು.

"ಅದನ್ನೂ ಇಡು. ಅದರ ಆಸಿ ಇಟಗೊಂಡಾ ಹೋದ್ರು."

ಎಲೆಯ ಈಚೆ, ಫೋಟೋದ ಕಡೆ ಮುಖ ಮಾಡಿ ಇಟ್ಟೆ. ಅಜ್ಜಿ ಅದಕ್ಕೊಂದು ಸೇವಂತಿಗೆ ಹೂವು ಏರಿಸಿದಳು. ಹೂವು ಸರಿಯಾಗಿ ಎರಡೂ ಕಣ್ಣಿನ ಮುಂದೆ ಜೋತುಬಿತ್ತು.

"ಸ್ವಿಚ್ ಹಾಕು."

"ಯಾಕಮ್ಮ?"

"ಅವರಿಗೆ ಹಾಕಾಕ ಬರ್ತೈತೇನು?"

ಸ್ವಿಚ್ ಹಾಕಿದೆ. ಕಣ್ಣೆದುರು ಹೂವಿದ್ದದ್ದರಿಂದ ಅದು ಎಂದಿನಂತೆ ನಿಂತೇ ಇತ್ತು. ಬಾಗಿಲು ಮುಚ್ಚಿ ಕಟ್ಟೆಯ ಮೇಲೆ ಕುಳಿತೆವು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಗುರ್ ಎಂದು ಸದ್ದು ಬಂತು. ನಾನು ಎದ್ದರೆ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ನನ್ನ ಕೈ ಹಿಡಿದು ಕೂರಿಸಿದಳು.

ಬಾಗಿಲು ತೆರೆದಾಗ ಹೂವು ನೆಲದ ಮೇಲಿತ್ತು. ನಿಂಬೆಹಣ್ಣಿಗೆ ಸೋತ ಚಕ್ರಗಳು ಮಿರ್ಚಿಯನ್ನು ಅಪ್ಪಚ್ಚಿ ಮಾಡಿ, ಒಗ್ಗರಣೆಯನ್ನು ಎರಡು ಸಾಲಾಗಿ ಚೆಲ್ಲಿಕೊಂಡು ಎಲೆಯನ್ನು ದಾಟಿ ಹೋಗಿದ್ದವು. ರೋಬೋಟ್ ಅಜ್ಜನ ಫೋಟೋದಿಂದ ಗೇಣು ದೂರದಲ್ಲಿ, ಅವನ ಮುಖ ನೋಡುತ್ತಾ ನಿಂತಿತ್ತು.

ಹೂವು ಜಾರಿತ್ತು, ದಾರಿ ಕಂಡಿತ್ತು, ಓಡಿತ್ತು, ಫೋಟೋ ಅಡ್ಡ ಬಂದು ನಿಂತಿತ್ತು. ಬರೆದು ಕೊಟ್ಟರೆ ಸರ್ ಪೂರ್ತಿ ಅಂಕ ಕೊಡುವಂಥ ಉತ್ತರ. ಆದರೆ ಅಜ್ಜನೆದುರು ಅದು ಕೊನೆಗೂ ಓಡಿದಾಗ ನಾನು ಬಾಗಿಲಾಚೆ ಕುಳಿತಿದ್ದೆ.

ಅಜ್ಜಿ ಕಣ್ಣೊರೆಸಿಕೊಂಡು, ಸೊಂಟದ ಮೇಲೆ ಕೈಯಿಟ್ಟು ಚಕ್ರದ ಗುರುತುಗಳನ್ನು ನೋಡಿದಳು. ಫೋಟೋದ ಕಡೆ ಒಮ್ಮೆ ಸಿಟ್ಟಿನಿಂದ ನೋಡಿದಳು.

"ನೋಡವ್ವಾ, ಮಿರ್ಚಿ ಮ್ಯಾಲಾ ಹತ್ತಿಸ್ಯಾರ" ಎಂದಳು. "ಸೈಕಲ್ಲೂ ಹಿಂಗಾ ಹೊಡೀತಿದ್ರು."